ಝಬೂರ್ ಎಂಬ ದಿನನಿತ್ಯದ ಮಾತು

ಭಾಗಮಂಡಲದಿಂದ ಘಟ್ಟ ಇಳಿದು ಕರಿಕೆಗೆ ಬಂದರೆ ಕೊಡಗು ಮುಗಿಯುತ್ತದೆ. ಮುಂದೆ ಪಾಣತ್ತೂರು, ಕಾಸರಗೋಡು ಜಿಲ್ಲೆ. ಅದೇ ದಾರಿಯಲ್ಲಿರುವ ರಾಜಪುರಂ, 1943ರಲ್ಲಿ ಕೊಟ್ಟಾಯಂ ಕಡೆಯಿಂದ ವಲಸೆ ಬಂದ ಕ್ನಾನಾಯ ಕ್ರೈಸ್ತರು ಕಾಡಿನ ನಡುವೆ ಕಟ್ಟಿಕೊಂಡ ಊರು. ಈ ಗಡಿನಾಡಿನಲ್ಲಿ ನಾವು ಪರಸ್ಪರರ ಹಬ್ಬಗಳನ್ನು ಬಲ್ಲೆವು, ಊಟವನ್ನು ಬಲ್ಲೆವು. ಆದರೆ ನೆರೆಯವನು ಮುಂಜಾನೆ ದೇವರೊಡನೆ ಏನು ಮಾತನಾಡುತ್ತಾನೆಂಬುದನ್ನು ಮಾತ್ರ ತಿಳಿಯಲು ಹೋಗುವುದಿಲ್ಲ.

ಅವರ ಪ್ರಾರ್ಥನೆಯ ಬೆನ್ನೆಲುಬು ಕೀರ್ತನೆಗಳು. ನಮಗೆ ಅದು ಝಬೂರ್. ಪ್ರವಾದಿ ದಾವೂದ್(ಅ)ರಿಗೆ ಝಬೂರ್ ನೀಡಲಾಯಿತೆಂದು ಕುರ್‌ಆನ್ ಹೇಳುತ್ತದೆ. ಅವರ ಸ್ತುತಿಗೆ ಬೆಟ್ಟಗಳೂ ಹಕ್ಕಿಗಳೂ ದನಿಗೂಡಿಸಿದವೆಂದೂ ಹೇಳುತ್ತದೆ. ಇಂದಿನ 150 ಕೀರ್ತನೆಗಳು ಹಾಗೆಯೇ ಆ ಝಬೂರ್ ಹೌದೇ ಎಂಬ ಚರ್ಚೆ ವಿದ್ವಾಂಸರದು. ಆದರೂ ಭೂಮಿಗೆ ಸಜ್ಜನರೇ ವಾರಸುದಾರರೆಂದು ಝಬೂರಿನಲ್ಲಿ ಬರೆದಿದೆ ಎಂದು ಅಂಬಿಯಾ ಅಧ್ಯಾಯ ನೆನಪಿಸುವಾಗ, ಅದೇ ಆಶಯ 37ನೇ ಕೀರ್ತನೆಯಲ್ಲಿ ಸಿಗುತ್ತದೆ.

ಆರನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳು ವಾರಕ್ಕೊಮ್ಮೆ 150 ಕೀರ್ತನೆಗಳನ್ನೂ ಮುಗಿಸಬೇಕೆಂದು ನಿಯಮ ಮಾಡಿದರು. ನಾವೂ ಐದು ಹೊತ್ತಿನ ಫರ್ಝ್ ನಮಾಝಿನಲ್ಲೇ ದಿನಕ್ಕೆ 17 ಸಲ ಫಾತಿಹಾ ಓದುತ್ತೇವೆ. ಪ್ರಶ್ನೆ ಇಬ್ಬರಿಗೂ ಒಂದೇ: ದಿನವೂ ಹೇಳಿದ್ದನ್ನೇ ಹೇಳಿದರೆ ನಾಲಿಗೆ ಸವೆಯುವುದಿಲ್ಲವೇ? ನಮ್ಮ ಮನಸ್ಸಿನಲ್ಲಿಲ್ಲದ ಮಾತು ನಮ್ಮ ಪ್ರಾರ್ಥನೆ ಹೇಗಾದೀತು?

ಮನಸ್ಸಿಗೆ ಬಂದಾಗ ಮಾತ್ರ ಪ್ರಾರ್ಥಿಸುವವನು ತನ್ನ ಬಗ್ಗೆ ಮಾತ್ರ ಪ್ರಾರ್ಥಿಸುತ್ತಾನೆ. ಕೀರ್ತನೆಗಳ ಸರದಿ ಯಾರ ಮನಸ್ಥಿತಿಗೂ ಕಾಯುವುದಿಲ್ಲ. ನಮ್ಮ ಮನೆಯಲ್ಲಿ ಮದುವೆ ನಡೆಯುತ್ತಿದ್ದರೂ ಇಂದಿನ ಪಾಲಿಗೆ ಬಂದದ್ದು ಗೋಳಿನ ಕೀರ್ತನೆಯಾದರೆ ಅದನ್ನೇ ಓದಬೇಕು. ಆಗ ಆ ಗೋಳು ಇನ್ನಾರದೋ ಆಗುತ್ತದೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣುಪಾಲಾಯಿತು. ಅಂಥ ದಿನ ಅಳಲಾರದವರ ಪರವಾಗಿ ಅಳಲು ಒಂದು ಮಾತು ಮೊದಲೇ ನಾಲಿಗೆಯ ಮೇಲಿರಬೇಕು. ಆಪತ್ತಿನ ಹೊತ್ತಿನಲ್ಲಿ ಮಾತು ಹುಡುಕಿದರೆ ಸಿಗುವುದಿಲ್ಲ.

ದೇವರೆದುರು ದೂರು ಹೇಳುವುದು ಅದಬಿಗೆ ವಿರುದ್ಧವಲ್ಲವೇ ಎಂದು ಕೆಲವರು ಕೇಳಬಹುದು. ಮಗನನ್ನು ಕಳೆದುಕೊಂಡ ಪ್ರವಾದಿ ಯಅಕೂಬ್(ಅ) ತಮ್ಮ ದುಃಖವನ್ನು ಅಲ್ಲಾಹನಲ್ಲಿ ಮಾತ್ರ ತೋಡಿಕೊಂಡರು. ಜನರೆದುರು ದೇವರನ್ನು ದೂರುವುದು ಬೇರೆ, ದೇವರೆದುರು ದುಃಖ ಬಿಚ್ಚುವುದು ಬೇರೆ. ಎರಡನೆಯದು ಸಬ್ರಿನ ಒಂದು ಭಾಗ. 88ನೇ ಕೀರ್ತನೆಯಂತೂ ಯಾವ ಸಮಾಧಾನವೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದು ಪ್ರಾರ್ಥನೆಯೇ, ಏಕೆಂದರೆ ಹೇಳುವವನು ಬಾಗಿಲು ಬಿಟ್ಟು ಎದ್ದು ಹೋಗಿಲ್ಲ.

ಇನ್ನು ಶಾಪಗಳ ವಿಷಯ. ಎರಡನೇ ವ್ಯಾಟಿಕನ್ ಸಮ್ಮೇಳನದ (1962-65) ನಂತರ ಕ್ಯಾಥೊಲಿಕ್ ಸಭೆಯು ತನ್ನ ರೋಮನ್ ವಿಧಿಯ ದಿನನಿತ್ಯದ ಪ್ರಾರ್ಥನೆಗಳನ್ನು ನಾಲ್ಕು ವಾರಗಳಿಗೆ ಹಂಚಿದಾಗ 58, 83 ಮತ್ತು 109ನೇ ಕೀರ್ತನೆಗಳನ್ನು ಕೈಬಿಟ್ಟಿತು. ಶತ್ರುವಿನ ನಾಶ ಬೇಡುವ ಮಾತು ಭಕ್ತನ ಬಾಯಿಗೆ ಒಪ್ಪದೆಂಬ ಭಾವ ಅರ್ಥವಾಗುವಂಥದ್ದೇ. ಆದರೆ ಬಾಯಿಂದ ತೆಗೆದ ಮಾತ್ರಕ್ಕೆ ಸಿಟ್ಟು ಎದೆಯಿಂದ ಹೋಗುತ್ತದೆಯೇ? ದೇವರಿಗೆ ಒಪ್ಪಿಸದ ಸಿಟ್ಟು ಕಲ್ಲಾಗಿ ಬೀದಿಗೆ ಬಂದುದನ್ನು ನಮ್ಮ ಕಾಲ ಸಾಕಷ್ಟು ಕಂಡಿದೆ. ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ಪರದೆಯಿಲ್ಲವೆಂದು ಪ್ರವಾದಿ ಮುಹಮ್ಮದ್(ಸ) ಹೇಳಿದ್ದಾರೆ. ಈ ಮಾತು ನೊಂದವನಿಗೆ ಧೈರ್ಯ, ನೋಯಿಸಿದವನಿಗೆ ಎಚ್ಚರಿಕೆ. ಆದುದರಿಂದ ಶಾಪದ ಕೀರ್ತನೆ ಓದುವವನು ಶತ್ರುವಿನ ಹೆಸರು ನೆನೆಯುವ ಮುಂಚೆ, ಇಂದು ಇನ್ನಾರದೋ ಮೊರೆಯಲ್ಲಿ ತನ್ನ ಹೆಸರಿದೆಯೇ ಎಂದು ಕೇಳಿಕೊಳ್ಳಲಿ. ಈ ಪ್ರಶ್ನೆ ಕೇಳದೆ ಓದುವವನಿಗೆ ಅವನ್ನು ಕೊಡದಿರುವುದೇ ಮೇಲು.

ದಾವೂದ್(ಅ) ಅರ್ಧ ರಾತ್ರಿ ಮಲಗಿ, ಮೂರನೇ ಒಂದು ಪಾಲು ಪ್ರಾರ್ಥನೆಯಲ್ಲಿ ನಿಂತು, ಮತ್ತೆ ಮಲಗುತ್ತಿದ್ದರೆಂದು ಹದೀಸ್‌ನಲ್ಲಿದೆ. ಅರಸರಾಗಿದ್ದೂ ಕೈಯಾರೆ ದುಡಿದು ಉಣ್ಣುತ್ತಿದ್ದರೆಂದೂ ಇದೆ. ಹಾಡಿದ ಬಾಯಿ, ಕಬ್ಬಿಣ ಬಾಗಿಸಿ ಕವಚ ಮಾಡಿದ ಕೈ ಎರಡೂ ಒಬ್ಬರವೇ. ನಸುಕಿನಲ್ಲೇ ರಬ್ಬರ್ ಟ್ಯಾಪಿಂಗಿಗೆ ಹೊರಡುವ ಈ ಗಡಿಯ ಜನರಿಗೆ, ಯಾವ ಧರ್ಮದವರಾದರೂ ಸರಿ, ಇಂಥ ಪ್ರಾರ್ಥನೆ ಪರಕೀಯವೆನಿಸಲಾರದು.