ಅಪ್ಪ ಕೊನೇ ವಾರ ಏನ್ ತಿಂದ್ರು?

ಅಪ್ಪ ತೀರಿಕೊಂಡಾಗ ನಾನು ಫೇಸ್‌ಬುಕ್ಕಿನಲ್ಲಿ ಉದ್ದದ ಪೋಸ್ಟ್ ಒಂದು ಬರೆದಿದ್ದೆ. ಆಲದ ಮರ, ನೆರಳು, ಆರಿದ ದೀಪ, ಎಲ್ಲ ಇತ್ತು ಅದರಲ್ಲಿ. ಆಫೀಸಿನವರು 'ಕಣ್ಣು ತುಂಬಿ ಬಂತು' ಅಂತ ಬರೆದರು. ಅಮ್ಮನಿಗೂ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ಕಣೋ. ಅಪ್ಪ ಕೊನೇ ವಾರ ಏನ್ ತಿಂದ್ರು ಅಂತ ಗೊತ್ತಾ ನಿಂಗೆ?" ಅಂದಳು. ಗೊತ್ತಿರಲಿಲ್ಲ. ಆ ವಾರ ನಮ್ಮ ಟೀಮಿನಲ್ಲಿ ರಿಲೀಸ್ ಇತ್ತು.

ಆ ಪ್ರಶ್ನೆ ಮತ್ತೆ ನೆನಪಾದದ್ದು ಅರಸೀಕೆರೆಗೆ ಹೋಗುವ ರೈಲಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪ ತೀರಿಕೊಂಡಿದ್ದರು. ಹಳೇಬೀಡು, ಬೇಲೂರು ನೋಡಲು ಹೊರಟವನು 'ಗೃಹಭಂಗ'ವನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ. ಕಿಟಕಿಯಾಚೆ ತಿಪಟೂರಿನ ತೆಂಗಿನ ತೋಟಗಳು. ಕಾದಂಬರಿಯ ಸೀಮೆಯೂ ಇದೇ. ಅವರ ಹುಟ್ಟೂರು ಸಂತೇಶಿವರ ಇರೋದು ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ.

1970ರಲ್ಲಿ ಬಂದ ಈ ಕಾದಂಬರಿಯ ನಂಜಮ್ಮನನ್ನು ಓದಿದವರು ಮರೆಯುವುದಿಲ್ಲ. ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ಇವಳು. ಮುತ್ತುಗದ ಎಲೆ ಹಚ್ಚಿ ಮಾರಿ ಸಂಸಾರ ತೂಗಿಸುತ್ತಾಳೆ. ಬೆಳೆದ ಇಬ್ಬರು ಮಕ್ಕಳನ್ನು ಪ್ಲೇಗು ಒಯ್ಯುತ್ತದೆ. ಆ ಪುಟಗಳಲ್ಲಿ ಲೇಖಕರು ಅಳುವುದಿಲ್ಲ, ನಮಗೆ ಅಳಿ ಅಂತಲೂ ಹೇಳುವುದಿಲ್ಲ. ಜ್ವರ, ಗಡ್ಡೆ, ಸಾವು, ಸಂಸ್ಕಾರ, ಒಂದಾದ ಮೇಲೊಂದು, ಲೆಕ್ಕದ ಪುಸ್ತಕದ ಹಾಗೆ.

ಕಾಲೇಜಿನಲ್ಲಿ ಓದಿದಾಗ, ಏನಪ್ಪಾ ಇಷ್ಟು ಒಣ ಬರವಣಿಗೆ ಅನ್ನಿಸಿತ್ತು. ಆಮೇಲೆ ಅವರ ಆತ್ಮಕಥೆ 'ಭಿತ್ತಿ' ಓದಿದೆ. ಬಾಲ್ಯದಲ್ಲೇ ಪ್ಲೇಗು ಅವರ ಒಡಹುಟ್ಟಿದವರನ್ನು, ತಾಯಿಯನ್ನು ಕಿತ್ತುಕೊಂಡಿತ್ತು. ಹಾಗಾದರೆ ಕಷ್ಟಪಟ್ಟವರೆಲ್ಲ ಹೀಗೇ ಬರೀತಾರಾ? ಇಲ್ಲ. ಕಷ್ಟ ಶೈಲಿಯನ್ನು ಕೊಡುವುದಿಲ್ಲ, ವಿವರಗಳನ್ನು ಕೊಡುತ್ತದೆ. ಅದನ್ನು ಏನು ಮಾಡಬೇಕು ಅನ್ನೋದು ಬರೆಯುವವನ ಆಯ್ಕೆ. ಭೈರಪ್ಪ ತನ್ನ ದುಃಖವನ್ನು ನಡುವಿಗೆ ತರಲಿಲ್ಲ. ಕಾದಂಬರಿಯಲ್ಲಿ ಉಳಿದುಕೊಳ್ಳುವ ಹುಡುಗ ವಿಶ್ವ ಅಂಚಿನಲ್ಲಿದ್ದಾನೆ, ನಡುವೆ ಇರುವವಳು ತಾಯಿ.

ಬೋಳು ವಾಕ್ಯ ಬರೆಯೋದು ಸುಲಭ ಅಂದುಕೊಂಡಿದ್ದೆ. ಆದರೆ ಅದಕ್ಕೆ ವಿವರ ಬೇಕು. ವಿವರ ಬೇಕಾದರೆ ಹತ್ತಿರ ಇದ್ದಿರಬೇಕು. ನನ್ನ ಆಲದ ಮರಕ್ಕೆ ಅದ್ಯಾವುದೂ ಬೇಕಿರಲಿಲ್ಲ. ಯಾರ ಅಪ್ಪನಿಗೂ ಹೊಂದುತ್ತಿತ್ತು ಅದು.

ಅರಸೀಕೆರೆಯಲ್ಲಿ ಇಳಿದು ಬಸ್ಸು ಹಿಡಿದು ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರನ ಗೋಡೆ ನೋಡಿದಾಗ ನನ್ನ ವಾದ ಸ್ವಲ್ಪ ಅಲ್ಲಾಡಿತು. ಬೋಳಾಗಿರೋದೇ ಪ್ರಾಮಾಣಿಕತೆ ಅನ್ನೋದಾದರೆ, ಬೆರಳಗಲ ಜಾಗವನ್ನೂ ಖಾಲಿ ಬಿಡದ ಈ ಶಿಲ್ಪಿಗಳು ಸುಳ್ಳು ಹೇಳಿದರಾ? ಕೆಳಗಿನ ಆನೆಗಳ ಸಾಲಿನ ಹತ್ತಿರ ಕೂತು ನೋಡಿದೆ. ದೂರದಿಂದ ಒಂದೇ ಥರ ಕಾಣುವ ಆನೆಗಳು ಹತ್ತಿರದಿಂದ ಬೇರೆ ಬೇರೆ. ಕೆತ್ತಿದವನು ಆನೆಯನ್ನು ನೋಡಿದ್ದ, ಚೆನ್ನಾಗಿ ನೋಡಿದ್ದ. ಬಳಪದ ಕಲ್ಲು ಮೆದು, ಎಷ್ಟು ಸಣ್ಣ ವಿವರವನ್ನಾದರೂ ಹಿಡಿದುಕೊಳ್ಳುತ್ತದೆ. ಆದರೆ ವಿವರವನ್ನು ಕಲ್ಲು ಕೊಡುವುದಿಲ್ಲ.

ಅಂದರೆ ಪ್ರಶ್ನೆ ಅಲಂಕಾರ ಸರಿಯೋ ತಪ್ಪೋ ಅನ್ನೋದಲ್ಲ. ಗೊತ್ತಿದ್ದದ್ದನ್ನು ಹೇಳೋಕೆ ಅದನ್ನು ಬಳಸಿದ್ದೀಯಾ, ಗೊತ್ತಿಲ್ಲದ್ದನ್ನು ಮುಚ್ಚೋಕಾ ಅನ್ನೋದು. ಬಡೋದೆಯಲ್ಲಿ ತತ್ತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ ಭೈರಪ್ಪನವರ ಪ್ರಬಂಧದ ವಿಷಯವೇ ಸತ್ಯ ಮತ್ತು ಸೌಂದರ್ಯ. ನಾನು ಎರಡನೆಯದನ್ನು ಮಾತ್ರ ಹಿಡಿದುಕೊಂಡು ಅಪ್ಪನಿಗೆ ವಿದಾಯ ಹೇಳಿದ್ದೆ.

ಅಲ್ಲಿಂದ 16 ಕಿ.ಮೀ. ದೂರದ ಬೇಲೂರಿಗೆ ಹೋಗಿ, 1117ರ ಚೆನ್ನಕೇಶವನ ಗುಡಿಯ ಜಗಲಿಯ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ಎರಡು ವರ್ಷ ತಡವಾಗಿ ಕೇಳಿದೆ. ಅವಳು ಯೋಚನೆ ಮಾಡಲೇ ಇಲ್ಲ.

"ಗಂಜಿ. ಸೋಮವಾರ ಒಂದು ಲೋಟ. ಮಂಗಳವಾರ ಅರ್ಧ. ಬುಧವಾರ ಬೇಡ ಅಂದ್ರು."

ಆಮೇಲೆ ಕೇಳಿದಳು, "ನೀನು ಊಟ ಮಾಡಿದ್ಯಾ?"