ಚೆಂದದ ಓಣಿಯ ಹಿಂದಿನ ಗಲ್ಲಿ

ನಮ್ಮದು ಮಂಗಳೂರು. ಕಡಲ ದಂಡೆಯ ಮಂಗಳೂರಲ್ಲ. ಕೊಪ್ಪಳ ಜಿಲ್ಲೆಯ, ಎರೆಹೊಲಗಳ ನಡುವಿನ ಮಂಗಳೂರು. ಹೆಸರು ಕೇಳಿದವರು ‘ಮೀನು ಚಲೋ ಸಿಗ್ತಾವೇನ್ರಿ?’ ಅನ್ನುತ್ತಾರೆ. ಜೋಳ ಸಿಗ್ತಾವ, ಬರ್ರಿ ಅನ್ನುತ್ತೇನೆ.

ಹೋದ ವರ್ಷ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯಲ್ಲಿ ಯಾರದಾದರೂ ಮೊಬೈಲು ಇಸಿದುಕೊಂಡು ‘ನಮ್ಮ ಊರು’ ಅಂತ ನಾಲ್ಕು ನಿಮಿಷದ ಚಿತ್ರ ತೆಗೆದು ತರಬೇಕು. ಒಂಬತ್ತನೆಯ ತರಗತಿಯ ಹುಡುಗನೊಬ್ಬ, ನಮ್ಮ ಕೇರಿಯವನೇ, ಬಹಳ ಶ್ರದ್ಧೆಯಿಂದ ತೆಗೆದು ತಂದ. ಗುಡಿಯ ಮುಂದಿನ ಕಟ್ಟೆ, ಕಟ್ಟೆಯ ಮೇಲೆ ಗಿಡದ ನೆರಳು, ಹಳೆಯ ಮನೆಗಳ ಕೆತ್ತನೆಯ ಬಾಗಿಲು, ಬಾಗಿಲ ಮುಂದೆ ರಂಗೋಲಿ, ಸಂಜೆಯ ಹೊತ್ತು ಹೊಲದಿಂದ ಬರುವ ದನ. ಚೆಂದ ಬಂದಿತ್ತು. ಎರಡು ಸಲ ನೋಡಿದೆ. ಎರಡನೆಯ ಸಲ ನೋಡುವಾಗ ಹೊಳೆಯಿತು: ಅದರಲ್ಲಿ ಅವನ ಮನೆ ಇರಲಿಲ್ಲ. ಕೇರಿಯ ಒಂದು ಗೋಡೆಯೂ ಇರಲಿಲ್ಲ.

“ನಿಮ್ಮ ಮನಿ ಎಲ್ಲೋ ತಮ್ಮಾ?” ಅಂದೆ.

“ಅಲ್ಲಿ ಚೆಂದ ಬರೂದಿಲ್ಲ್ರೀ ಸರ” ಅಂದ.

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ನಾಚಿಕೆಯಿಂದಲೂ ಹೇಳಲಿಲ್ಲ. ಎರಡಕ್ಕೆರಡು ಕೂಡಿಸಿದರೆ ನಾಲ್ಕು ಅನ್ನುವ ಹಾಗೆ ಹೇಳಿದ. ನನಗೆ ನೋವಾದದ್ದು ಅದಕ್ಕೇ. ಚೆಂದ ಎಲ್ಲಿ ಇರುತ್ತದೆ, ಎಲ್ಲಿ ಇರುವುದಿಲ್ಲ ಅಂತ ಹದಿನಾಲ್ಕು ವರ್ಷದ ಹುಡುಗನಿಗೆ ಯಾರು ಕಲಿಸಿದರು? ನಾನಂತೂ ಅಲ್ಲ ಅಂತ ಹೇಳಲು ಹೊರಟೆ, ಬಾಯಿ ಬರಲಿಲ್ಲ. ಯಾಕೆಂದರೆ ಒಂದು ವಾರದ ಹಿಂದೆ ‘ಚಿತ್ರ ಅಂದ್ರ ಹಿಂಗಿರಬೇಕು’ ಅಂತ ಆ ತರಗತಿಗೆ ‘ಮಾಲ್ಗುಡಿ ಡೇಸ್’ ತೋರಿಸಿದವನು ನಾನೇ.

ಗೆಳೆಯರೆ, ನಮ್ಮ ವಯಸ್ಸಿನವರಿಗೆ ಅದರ ಸೆಳೆತ ಗೊತ್ತಿದೆ. ಶಂಕರನಾಗ್ ನಿರ್ದೇಶಿಸಿದ ಆ ಧಾರಾವಾಹಿ 1986ರಲ್ಲಿ ದೂರದರ್ಶನದಲ್ಲಿ ಶುರುವಾಯಿತು. ಆರ್.ಕೆ. ಲಕ್ಷ್ಮಣರ ಗೆರೆಗಳು, ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆಯ ರಾಗ, ಸ್ವಾಮಿಯಾಗಿ ಪುಟ್ಟ ಮಂಜುನಾಥ. ಊರಾಗಿ ನಿಂತದ್ದು ಆಗುಂಬೆ: ಹೆಂಚಿನ ಮಾಡು, ಕಂಬದ ಜಗುಲಿ, ಒದ್ದೆ ಓಣಿ, ಸುತ್ತ ಕಾಡು. ರೈಲು ನಿಲ್ದಾಣವಾಗಿ ನಿಂತದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಆ ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಇಲ್ಲದ ಊರಿಗೆ ಮ್ಯೂಸಿಯಂ ಆಯಿತು. ಇರುವ ಎಷ್ಟೋ ಕೇರಿಗಳಿಗೆ ಇನ್ನೂ ಚರಂಡಿ ಆಗಿಲ್ಲ. ಇದು ಕೊಂಕು, ಬಿಡಿ.

ನಾನು ಅದನ್ನು ಮೊದಲು ನೋಡಿದ್ದು ನನ್ನ ತಾಯಿಯ ತವರಿನಲ್ಲಿ. ಊರಿನ ಹೆಸರು ಬೇಡ. ಇಡೀ ಊರಿಗೆ ಒಂದೇ ಟಿವಿ. ಕೇರಿಯ ಹುಡುಗರು ಕಿಟಕಿಯ ಹೊರಗೆ ನಿಂತು ನೋಡಬೇಕು. ಸರಳಿನ ನಡುವೆ ಮುಖ ಇಟ್ಟರೆ ಪೆಟ್ಟಿಗೆಯ ಅರ್ಧ ಕಾಣುತ್ತಿತ್ತು. ಮಾತು ಹಿಂದಿ, ತಿಳಿಯುತ್ತಿರಲಿಲ್ಲ. ಆದರೂ ಆ ಮಳೆ, ಆ ಮರಗಳು, ಜಗುಲಿಯ ಮೇಲೆ ಕೂತ ಅಜ್ಜಿ, ಎಲ್ಲ ನಮ್ಮವು ಅನ್ನಿಸುತ್ತಿದ್ದವು. ಕಿಟಕಿಯ ಹೊರಗೆ ನಿಂತಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು. ಒಂದು ಸಂಜೆ ನನ್ನನ್ನು ಕರೆಯಲು ಬಂದ ಅವ್ವ, ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು. ನೋಡಿ ಅಂದಳು: “ಇಷ್ಟ್ ಗಿಡಾ ಅದಾವ, ಎಲಿ ಉದರೂದಿಲ್ಲೇನು? ಯಾರ್ ಬಳೀತಾರ?”

ಅವ್ವ ಬೇರೆಯವರ ಅಂಗಳ ಬಳಿದವಳು. ಮರ ಅಂದರೆ ಅವಳಿಗೆ ಮೊದಲು ಕಾಣುವುದು ನೆರಳಲ್ಲ, ಉದುರಿದ ಎಲೆ. ಆಗ ನನಗೆ ಸಿಟ್ಟು ಬಂದಿತ್ತು. ಚೆಂದದ ನಡುವೆ ಇದೇನು ಕಸದ ಮಾತು ಅಂತ.

ಆ ಪ್ರಶ್ನೆ ಮತ್ತೆ ಎದುರಾದದ್ದು ಬೆಂಗಳೂರಿನಲ್ಲಿ. ಆರ್.ಕೆ. ನಾರಾಯಣರ ಮನಸ್ಸಿಗೆ ಮಾಲ್ಗುಡಿ ಹೊಳೆದದ್ದು 1930ರ ವಿಜಯದಶಮಿಯ ದಿನ, ಬೆಂಗಳೂರಿನಲ್ಲಿ. ಮಲ್ಲೇಶ್ವರದ ಮೊದಲು, ಬಸವನಗುಡಿಯ ಕೊನೆ ಸೇರಿಸಿದರೆ ಮಾಲ್ಗುಡಿ ಅಂತ ಜನ ಹೇಳುವುದುಂಟು. ಅದು ಜನರ ಜೋಡಣೆ ಇರಬಹುದು, ಆದರೆ ಗುರಿ ತಪ್ಪಿದ್ದಲ್ಲ. ಹಳೆಯ ಬಡಾವಣೆ, ಮರದ ಸಾಲು, ತಂಪು, ಸಣ್ಣ ದನಿಯ ಜನ: ನಮ್ಮ ಸಿನಿಮಾದವರು, ಜಾಹೀರಾತಿನವರು ಇವತ್ತಿಗೂ ಆ ಓಣಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಂತ ಹೆಸರುಗಳೇ ಗಿಡಗಳವು. ಮಾರ್ಗೋಸಾ ಅಂದರೆ ನಮ್ಮ ಬೇವು.

ನನ್ನ ಅಣ್ಣನ ಮಗ ಗುಳೆ ಹೋಗಿ ಅಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ನಮ್ಮ ಕಡೆಯ ಎಷ್ಟು ಮನೆಗಳ ಹುಡುಗರು ಅಲ್ಲಿಲ್ಲ ಹೇಳಿ. ಅವನನ್ನು ನೋಡಲು ಹೋದವನು ಬೆಳಿಗ್ಗೆ ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನಡೆಯುತ್ತಿದ್ದೆ. ಹಳೆಯ ಮನೆಯೊಂದರ ಮುಂದೆ ಶೂಟಿಂಗ್ ನಡೆದಿತ್ತು. ಒಬ್ಬ ಪೌರಕಾರ್ಮಿಕ ಹೆಣ್ಣುಮಗಳು ಆಗಲೇ ರಸ್ತೆ ಗುಡಿಸಿ, ಎಲೆ ರಾಶಿ ಹಾಕಿ, ತುಂಬಿಕೊಂಡು ಹೋಗುವ ಗಾಡಿಗೆ ಕಾಯುತ್ತಿದ್ದಳು. ಅವರಲ್ಲೊಬ್ಬ ಬಂದು, “ಅಮ್ಮಾ, ಸ್ವಲ್ಪ ಆ ಕಡೆ ಹೋಗಿ, ಫ್ರೇಮಿಗೆ ಬರ್ತಿದ್ದೀರ” ಅಂದ. ಒರಟಾಗಿ ಹೇಳಲಿಲ್ಲ. ಆಕೆ ಗೋಡೆಯ ಮರೆಗೆ ಹೋದಳು. ಆಮೇಲೆ ಇಬ್ಬರು ಹುಡುಗರು ಬಂದು ಆಕೆಯ ರಾಶಿಯಿಂದ ಎಲೆ ಎತ್ತಿ ರಸ್ತೆಯ ತುಂಬ ಚೆಲ್ಲಿದರು. ಉದುರಿದ ಎಲೆಯ ಮೇಲೆ ನಾಯಕಿ ನಡೆದು ಬರಬೇಕಂತೆ. ಮೂರು ಸಲ ನಡೆದಳು. ಚೆಂದಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಗಂಟುಮೂಟೆ ಕಟ್ಟಿದ ಮೇಲೆ ಆಕೆ ಮರೆಯಿಂದ ಬಂದು ಅದೇ ಎಲೆಗಳನ್ನು ಮತ್ತೆ ಗುಡಿಸಿದಳು. ನಾನು ಮಾತಾಡಿಸಿದೆ. “ಡ್ಯೂಟಿ ಅಲ್ವಾ ಸಾರ್” ಅಂದಳು, ಅಷ್ಟೇ.

ಅವ್ವನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಎಲೆ ಬಳಿಯುವವರು ಇದ್ದಾರೆ. ಕ್ಯಾಮೆರಾ ಬಂದಾಗ ಗೋಡೆಯ ಮರೆಗೆ ಹೋಗುತ್ತಾರೆ.

ಆ ಮರೆ ಇವತ್ತಿನದಲ್ಲ. ಮಲ್ಲೇಶ್ವರ, ಬಸವನಗುಡಿಗಳ ನಕ್ಷೆಯೊಳಗೇ ಅದು ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, 1898ರ ಪ್ಲೇಗಿನ ಆಚೀಚೆ, ಇಕ್ಕಟ್ಟಾದ ಹಳೆ ಪೇಟೆಯಿಂದ ಜನ ಹೊರಗೆ ಬರಲೆಂದು ಕಟ್ಟಿದ ಬಡಾವಣೆಗಳು ಇವು. ಗಾಳಿ, ಬೆಳಕು, ನೇರ ರಸ್ತೆ, ಅಂಗಳ, ಗಿಡ. ರೋಗಕ್ಕೆ ಹೆದರಿ ಕಟ್ಟಿದ ಚೆಲುವು. ಒಳ್ಳೆಯದೇ. ಆದರೆ ನಿವೇಶನ ಹಂಚಿದ್ದು ಜಾತಿ ನೋಡಿ, ಬೇರೆ ಬೇರೆ ಭಾಗ ಮಾಡಿ. ಹೊಸ ಊರು, ಹಳೆಯ ಗೆರೆ. ಇನ್ನೊಂದು ಸಂಗತಿ ಇದೆ. ಎರಡು ಸಾಲು ಮನೆಗಳ ಬೆನ್ನ ನಡುವೆ ಒಂದು ಕಿರಿದಾದ ಓಣಿ ಬಿಟ್ಟಿದ್ದಾರೆ. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿ ಅನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲಕ್ಕೆ ಕಕ್ಕಸು ಮನೆಯ ಹಿಂಭಾಗದಲ್ಲಿ ಇರುತ್ತಿತ್ತು. ಮಲ ಬಳಿದು ಹೊರುವ ಮನುಷ್ಯ ಮುಂಬಾಗಿಲಿನ ರಸ್ತೆಗೆ ಬಾರದೆ, ಯಾರ ಕಣ್ಣಿಗೂ ಬೀಳದೆ, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ದಾರಿ ಅದು.

ಯೋಚಿಸಿ ನೋಡಿ. ಒಂದು ಮನೆಗೆ ಎರಡು ರಸ್ತೆ. ಮುಂದಿನದಕ್ಕೆ ಮರದ ಹೆಸರು, ಹಿಂದಿನದಕ್ಕೆ ಹೆಸರೇ ಇಲ್ಲ. ಮುಂದಿನ ರಸ್ತೆ ಚೆಂದ ಇರುವುದು ಹಿಂದಿನ ಗಲ್ಲಿ ಇದ್ದುದಕ್ಕೇ. ಈಚೆಗೆ ಮಲ್ಲೇಶ್ವರದ ಅಂಥ ಕೆಲವು ಗಲ್ಲಿಗಳ ಗೋಡೆಗೆ ಬಣ್ಣದ ಚಿತ್ರ ಬರೆದಿದ್ದಾರೆ. ನೋಡಿ ಬಂದೆ. ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಹಕ್ಕಿ ಇದೆ, ಹೂವಿದೆ. ನಾನು ನೋಡಿದ ಗೋಡೆಗಳಲ್ಲಿ ಬಕೆಟ್ಟು ಹೊತ್ತ ಮನುಷ್ಯ ಇರಲಿಲ್ಲ.

ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ಹೊರಟವರು 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. 1973ರ ಬೂಸಾ ಗಲಾಟೆಯಲ್ಲಿ ಅವರನ್ನು ಕುರ್ಚಿಯಿಂದ ಇಳಿಸಿದ ಕಥೆ ಈ ಪತ್ರಿಕೆ ಓದುವವರಿಗೆ ಹೇಳಬೇಕಿಲ್ಲ. ಕೇಂದ್ರದ ಕಾಯ್ದೆ ಬಂದದ್ದು 1993ಕ್ಕೆ, ಇನ್ನೊಂದು 2013ಕ್ಕೆ. ನಡುವೆ 2010ರಲ್ಲಿ, ನಮ್ಮಿಂದ ದೂರವೇನಲ್ಲದ ಸವಣೂರಿನಲ್ಲಿ, ಇದ್ದ ಜಾಗದಿಂದ ಎಬ್ಬಿಸಲು ಬಂದಾಗ ಭಂಗಿ ಸಮಾಜದವರು ಮೈಮೇಲೆ ಮಲ ಸುರಿದುಕೊಂಡು ನಡುಬೀದಿಯಲ್ಲಿ ನಿಂತರು. ಹಿಂದಿನ ಗಲ್ಲಿಯವರು ಮುಂದಿನ ರಸ್ತೆಗೆ ಬಂದು, ‘ಈಗ ನೋಡಿ’ ಅಂದ ದಿನ ಅದು. ಆ ದಿನ ಕ್ಯಾಮೆರಾಗಳು ಬಂದವು.

ಈ ವಿಷಯವನ್ನು ನಮ್ಮ ಸಂಘಟನೆಯ ಗೆಳೆಯನ ಹತ್ತಿರ ಮಾತಾಡಿದೆ. ಅವನದು ಒಂದೇ ಮಾತು: “ಇಂಥಾ ಚೆಂದಾನೇ ಮೋಸ ಅಪ್ಪಾ. ಅಗ್ರಹಾರದ ಚೆಂದ, ಜಮೀನ್ದಾರನ ಚೆಂದ. ನಮಗ ಬ್ಯಾಡ.” ಕಾಲೇಜಿನಲ್ಲಿ ಪಾಠ ಮಾಡುವ ಇನ್ನೊಬ್ಬರು ಬೇರೆ ಹೇಳಿದರು: ಕಲೆ ಜನಗಣತಿ ಅಲ್ಲ, ಚೌಕಟ್ಟು ಅಂದಮೇಲೆ ಏನಾದರೂ ಹೊರಗೆ ಉಳಿಯಲೇಬೇಕು, ಪ್ರತಿ ಚಿತ್ರದಲ್ಲೂ ಪೊರಕೆ ತೋರಿಸಿ ಅನ್ನಲಾದೀತೆ?

ಎರಡೂ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮೊದಲನೆಯದು ಯಾಕೆ ಇಳಿಯಲಿಲ್ಲ ಅಂದರೆ, ಕಿಟಕಿಯ ಹೊರಗೆ ನಿಂತ ಆ ಹುಡುಗ ನಾನು. ಆ ಮಳೆ ನನಗೆ ಬೇಕಾಗಿತ್ತು. ನೆರಳು, ಜಗುಲಿ, ಸುಮ್ಮನೆ ಕೂತು ಬೀದಿ ನೋಡುವ ಒಂದು ಮಧ್ಯಾಹ್ನ, ಇವು ಯಾವ ಜಾತಿಯ ಆಸ್ತಿಯೂ ಅಲ್ಲ. ಅವು ಮೋಸ ಅಂತ ಬಿಟ್ಟುಕೊಟ್ಟರೆ, ನಿಮಗೆ ಕಸ ಸಾಕು ಅಂದವನ ಮಾತನ್ನೇ ನಾವು ಒಪ್ಪಿದಂತೆ. ಆ ಮರಗಳ ಗುಂಡಿ ತೋಡಿದ ಕೈ, ನೀರು ಹೊತ್ತ ಹೆಗಲು ಯಾರವು?

ಎರಡನೆಯದು ಕೇಳಲು ನ್ಯಾಯವಾಗಿದೆ. ಚೌಕಟ್ಟಿನ ಹೊರಗೆ ಏನಾದರೂ ಉಳಿಯುತ್ತದೆ, ನಿಜ. ಆದರೆ ಒಂದು ಸಲ ಇವರು, ಇನ್ನೊಂದು ಸಲ ಅವರು ಉಳಿದರೆ ಅದು ಚೌಕಟ್ಟು. ಪ್ರತಿ ಸಲವೂ ಅದೇ ಜನ ಉಳಿದರೆ ಅದು ಕಲೆಯ ಕಟ್ಟುಪಾಡಲ್ಲ, ಊರಿನ ಕಟ್ಟುಪಾಡು. ಊರು ಎಲ್ಲಿ ಗೆರೆ ಎಳೆದಿದೆಯೋ ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ಆ ಕ್ಯಾಮೆರಾದವನಿಗೆ ಜಾತಿದ್ವೇಷ ಇರಬೇಕಾಗಿಲ್ಲ. ಅವನು ಒಳ್ಳೆಯವನೇ ಇರಬಹುದು, ‘ಅಮ್ಮಾ’ ಅಂತಲೇ ಕರೆಯಬಹುದು. ಚೆಂದ ಕಂಡಲ್ಲಿ ಚಿತ್ರ ತೆಗೆಯುತ್ತಾನೆ. ಚೆಂದ ಎಲ್ಲಿ ಕಾಣಬೇಕು ಅಂತ ನೂರಾರು ವರ್ಷದ ಹಿಂದೆಯೇ ತೀರ್ಮಾನವಾಗಿದೆ.

ತೋರಿಸಲು ಬರುವುದಿಲ್ಲ ಅಂತಲೂ ಹೇಳುವಂತಿಲ್ಲ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಶೃಂಗೇರಿ ಹತ್ತಿರದ ವೈಕುಂಠಪುರದ ಅಗ್ರಹಾರದಲ್ಲೇ ತೆಗೆದದ್ದು. ಅದೇ ಜಗುಲಿ, ಅದೇ ಹೆಂಚು. ಆದರೆ ಅಲ್ಲಿ ಒಂದು ಹೆಣ ಕೊಳೆಯುತ್ತಿರುತ್ತದೆ. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಬಿ.ವಿ. ಕಾರಂತರ ‘ಚೋಮನ ದುಡಿ’ಯಲ್ಲಿ (1975) ಹಸಿರು ಕಡಿಮೆ ಇದೆಯೇ? ತನ್ನದೊಂದು ತುಂಡು ನೆಲ ಬೇಕು ಅನ್ನುವ ಚೋಮ ಆ ಹಸಿರಿನ ನಡುವೆ ನಿಂತಿದ್ದಾನೆ ಅನ್ನುವುದಷ್ಟೇ ವ್ಯತ್ಯಾಸ. ಅವನು ನಿಂತ ಕೂಡಲೇ ಹಸಿರಿಗೆ ಬೇರೆ ಅರ್ಥ ಬರುತ್ತದೆ. ಅದಕ್ಕೇ ಇರಬೇಕು, ನಿಲ್ಲಿಸಲು ಹಿಂಜರಿಕೆ.

ಇನ್ನು ಸಿನಿಮಾ ನೋಡುವವರ ಮಾತು. ಗಂಗಾವತಿ ತಾಲೂಕಿಗೆ ಶೂಟಿಂಗಿನವರು ಬರುತ್ತಲೇ ಇರುತ್ತಾರೆ. ಆನೆಗೊಂದಿಯ ಹಳೆ ಕೋಟೆ, ಸಾಣಾಪುರದ ಬಂಡೆ, ಬಾಳೆತೋಟ, ಹೊಳೆಯಲ್ಲಿ ಹರಗೋಲು. ಅದೇ ತಾಲೂಕಿನ ಮರಕುಂಬಿ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ಆದ ಜಗಳವೊಂದು ಊರಿಗೆ ಬಂದು, ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದು ಹೇಳಿ, 98 ಜನರಿಗೆ ಜೀವಾವಧಿ ಕೊಟ್ಟಿತು. ಮುಂದಿನ ತಿಂಗಳಲ್ಲೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ಪರದೆಯ ಮೇಲಿನ ಚೆಂದದ ಊರನ್ನು ನೋಡಲು ಹೋಗುವುದೂ ನಮ್ಮ ಕಡೆ ಎಲ್ಲರಿಗೂ ಒಂದೇ ಬೆಲೆಯಲ್ಲಿ ಸಿಗುವುದಿಲ್ಲ.

ಹುಡುಗನ ವಿಷಯಕ್ಕೆ ಬರುತ್ತೇನೆ. ಅವನಿಗೆ ಏನು ಹೇಳಬೇಕು ಅಂತ ಒಂದು ವಾರ ತಿಳಿಯಲಿಲ್ಲ. ಕೇರಿಯ ಚಿತ್ರ ತೆಗಿ ಅಂದರೆ ಹರಿದ ಗೋಡೆ, ನಿಂತ ಕೊಳಚೆ ತೆಗೆದು ತರುತ್ತಾನೆ. ಪೇಪರಿನವರು ತೆಗೆಯುವುದೂ ಅದನ್ನೇ. ಹಾಗಾದರೆ ನಮಗೆ ಎರಡೇ ಜಾಗವೇ, ಒಂದೋ ಚೌಕಟ್ಟಿನ ಹೊರಗೆ, ಇಲ್ಲವೇ ಕೊಳಚೆಯ ಪಕ್ಕದಲ್ಲಿ? ಕೊನೆಗೆ, “ನಿಮ್ಮ ಮನಿ ಮುಂದ ಮೊಬೈಲ್ ಇಟ್ಟು ಕುಂದ್ರು, ಏನ್ ಬರತೈತಿ ಬರ್ಲಿ” ಅಂದೆ.

ಅವನ ಮನೆಯ ಮುಂದೆ ಒಂದು ಬೇವಿನ ಗಿಡ ಇದೆ. ಮಲ್ಲೇಶ್ವರದಲ್ಲಿ ರಸ್ತೆಗೆ ಹೆಸರಾಗಿರುವುದೂ ಅದೇ ಗಿಡ. ಅದರ ಕೆಳಗೆ ಅವನ ಅಮ್ಮ, ಅಂದರೆ ಅಜ್ಜಿ, ದಿನಾ ಸಂಜೆ ಎಲೆ ಬಳಿಯುತ್ತಾಳೆ. ಹುಡುಗ ಮೊಬೈಲು ಇಟ್ಟ. ಮುದುಕಿ ಕಂಡು ಪೊರಕೆ ಕೆಳಗಿಟ್ಟಳು. “ಏ ಮೂಳಾ, ಹೊಲಸ ಸೀರ್ಯಾಗ ತಗೀತಿಯೇನೋ? ತಡಿ, ಚಲೋದು ಉಟ್ಗೊಂಡು ಬರ್ತೀನಿ” ಅಂತ ಒಳಗೆ ಹೋದಳು. ಪೆಟ್ಟಿಗೆ ತೆಗೆದಳು, ಮಗಳ ಮದುವೆಯ ಇಳಕಲ್ ಸೀರೆ ಹುಡುಕಿದಳು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಹೊರಗೆ ಬರುವಷ್ಟರಲ್ಲಿ ಹೊತ್ತು ಮುಳುಗಿ ಏನೂ ಕಾಣುತ್ತಿರಲಿಲ್ಲ. ಮುದುಕಿ ಮೊಮ್ಮಗನಿಗೆ ಬೈದಳಂತೆ, ನಾಳೆ ಬಿಸಿಲಿದ್ದಾಗಲೇ ಬಾ ಅಂತ.