ನೀರು ಕಾಯುವ ಹೊತ್ತು

ಕನ್ನಡದಲ್ಲಿ 'ಕಾಯುವುದು' ಎಂಬ ಮಾತಿಗೆ ಮೂರು ಅರ್ಥಗಳುಂಟು. ಒಲೆಯ ಮೇಲೆ ನೀರು ಕಾಯುತ್ತದೆ. ಬಸ್ಸಿಗಾಗಿ ನಾವು ಕಾಯುತ್ತೇವೆ. ಬೆಳೆದು ನಿಂತ ಹೊಲವನ್ನು ರೈತ ಕಾಯುತ್ತಾನೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಈ ಸಂಗತಿಯನ್ನು ನಾನು ನಿಜವಾಗಿ ಕಲಿತದ್ದು ಮಾತ್ರ ನಮ್ಮ ಬಚ್ಚಲುಮನೆಯಲ್ಲಿ.

ಪ್ರಶ್ನೆ ಬಹು ಸಣ್ಣದು. ಬೆಂಗಳೂರಿನ ಅನೇಕ ಮನೆಗಳಲ್ಲಿರುವಂತೆ ನಮ್ಮ ತಾರಸಿಯ ಮೇಲೂ ಸೋಲಾರ್ ಹೀಟರ್ ಇದೆ. ಬಚ್ಚಲುಮನೆ ಇರುವುದು ನೆಲದಂತಸ್ತಿನ ಹಿತ್ತಿಲ ಮೂಲೆಯಲ್ಲಿ. ಬೆಳಿಗ್ಗೆ ಬಿಸಿನೀರಿನ ನಲ್ಲಿಯನ್ನು ತಿರುಗಿಸಿದರೆ ಮೊದಲು ಬರುವುದು ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತು ಆರಿಹೋದ ನೀರು. ಅದು ಮುಗಿದ ಮೇಲೆಯೇ ಬಿಸಿಯ ಸರದಿ. ನಲ್ಲಿ ಕೆಲಸದವರೊಬ್ಬರು ಇದಕ್ಕೆ ಉಪಾಯ ಹೇಳಿದರು: ಕೊನೆಯ ನಲ್ಲಿಯ ಬಳಿ ಸಣ್ಣದೊಂದು ಪಂಪನ್ನು ಕೂರಿಸಿದರೆ ಅದು ಕೊಳವೆಯ ತಣ್ಣೀರನ್ನು ಚರಂಡಿಗೆ ಬಿಡದೆ ತೊಟ್ಟಿಗೇ ಹಿಂದಕ್ಕೆ ತಳ್ಳುತ್ತದೆ, ಬಿಸಿನೀರು ಬಂದು ಮುಟ್ಟಿದೊಡನೆ ತಾನೇ ನಿಲ್ಲುತ್ತದೆ. ಹೊಸ ಮನೆ ಕಟ್ಟುವವರು ಮರುಹರಿವಿಗೆ ಬೇರೆ ಕೊಳವೆಯನ್ನೇ ಹಾಕಿಸಬಹುದು. ಕಟ್ಟಿ ಮುಗಿದ ಮನೆಯಲ್ಲಿ ತಣ್ಣೀರಿನ ಕೊಳವೆಯನ್ನೇ ಹಿಂದಿರುಗುವ ದಾರಿಯಾಗಿಸಬೇಕು. ಆಗ ತಣ್ಣೀರಿನ ನಲ್ಲಿಯಲ್ಲೂ ಸ್ವಲ್ಪ ಹೊತ್ತು ಉಗುರುಬೆಚ್ಚನೆಯ ನೀರು ಬಂದೀತು, ಅಷ್ಟೆ.

ಹಾಕಿಸಬೇಕೆ, ಬೇಡವೆ? ಮಧ್ಯಮ ವರ್ಗದ ಮನುಷ್ಯ ಇಂಥ ಕಡೆ ಮೊದಲು ಲೆಕ್ಕಕ್ಕೆ ಕೂರುತ್ತಾನೆ. ನಾನೂ ಕೂತೆ. ಮುಕ್ಕಾಲು ಅಂಗುಲದ ಕೊಳವೆಯಲ್ಲಿ ಮೀಟರಿಗೆ ಸುಮಾರು ಮೂರನೆಯ ಒಂದು ಭಾಗ ಲೀಟರು ನೀರು ಹಿಡಿಯುತ್ತದೆ. ಇಪ್ಪತ್ತೈದು ಮೀಟರಿಗೆ ಎಂಟು ಲೀಟರು. ಕೊಳವೆ ತಾನು ಬೆಚ್ಚಗಾಗಲು ತೆಗೆದುಕೊಳ್ಳುವುದೂ ಸೇರಿ ಹತ್ತು, ಹನ್ನೊಂದು. ದಿನಕ್ಕೆ ಎರಡು ಸಲವೆಂದರೂ ವರ್ಷಕ್ಕೆ 8,000 ಲೀಟರಿನ ಹತ್ತಿರ. ಆರು ಸಾವಿರ ಲೀಟರಿನ ಟ್ಯಾಂಕರ್ ಒಂದಕ್ಕೂ ಮಿಗಿಲು. ಈ ನೀರಾದರೂ ಎಲ್ಲಿಯದು? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ, ಮೂರು ಕಡೆ ಯಂತ್ರಗಳು ಎತ್ತಿ ಎತ್ತಿ ತಂದ ಕಾವೇರಿ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸಿದ್ದನ್ನು ನಾವಾರೂ ಮರೆತಿಲ್ಲ. ಅದೇ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು. ಆದರೆ ಹಂತಗಳು ಹೆಚ್ಚಿದ ಮಾತ್ರಕ್ಕೆ ನದಿ ಹೆಚ್ಚುವುದಿಲ್ಲ.

ಹಾಗಾದರೆ ಪಂಪು ಬರಲಿ ಎನ್ನುವಷ್ಟರಲ್ಲಿ ಇನ್ನೊಂದು ಲೆಕ್ಕ ಅಡ್ಡ ಬಂದಿತು. ಒಂದು ಲೀಟರು ನೀರನ್ನು ಐನೂರು ಮೀಟರು ಮೇಲಕ್ಕೆತ್ತಲು ಬೇಕಾದ ಶಕ್ತಿ, ಯಂತ್ರಗಳ ನಷ್ಟವನ್ನು ಬಿಟ್ಟರೆ, ಅದೇ ನೀರನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚು ಬಿಸಿಮಾಡಲು ಬೇಕಾದಷ್ಟೇ. ನೀರು ಕಾಯಿಸುವುದು ಅಷ್ಟು ದುಬಾರಿಯ ಕೆಲಸ! ಹಗಲೆಲ್ಲ ಬಿಸಿನೀರನ್ನು ಸುತ್ತಾಡಿಸುವ ಪಂಪು ನೀರನ್ನು ಉಳಿಸಿ ಕಾವನ್ನು ಗೋಡೆಗಳಿಗೆ ಹಂಚುತ್ತದೆ. ಬಿಸಿಲಿದ್ದಾಗ ಅದು ಸೂರ್ಯನ ಕೊಡುಗೆ. ಆಷಾಢದ ಮೋಡದಲ್ಲಿ ವಿದ್ಯುತ್ತಿನ ಬಿಲ್ಲು. ಬೇಕಾದಾಗ ಮಾತ್ರ ಗುಂಡಿ ಒತ್ತಿ ನಡೆಸುವ ಪಂಪಿಗೆ ಈ ದೋಷ ಬಹಳವಿಲ್ಲವೆನ್ನಿ. ಆದರೂ ನನಗೆ ಪಂಪಿಲ್ಲದ ಉತ್ತರವೊಂದು ಹೊಳೆಯಿತು: ಬಕೆಟ್ಟು. ಮೊದಲ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ನೆಲ ಒರೆಸಲು, ಬಟ್ಟೆ ನೆನೆಸಲು, ತುಳಸಿಗೆ ಹಾಕಲು ಆಯಿತು. ಯಂತ್ರವಿಲ್ಲ, ಖರ್ಚಿಲ್ಲ, ಮೇಲಾಗಿ ಸಂಯಮದ ಅಭ್ಯಾಸ. ಮನೆಯವರಿಗೆಲ್ಲ ನಿಯಮವನ್ನು ಸಾರಿದೆ. ಸಾರಿದವನ ಮನಸ್ಸಿಗೆ ಬಹಳ ಸಮಾಧಾನವಾಯಿತು.

ಎಲ್ಲರ ಸ್ನಾನವಾದ ಮೇಲೂ ಬಕೆಟ್ಟು ತುಂಬಿರುತ್ತಿತ್ತು. ನಮ್ಮ ತಾಯಿಯವರ ಸ್ನಾನವಾದ ಮೇಲೆ ಮಾತ್ರ ಬರಿದಾಗಿರುತ್ತಿತ್ತು. ಎಲ್ಲರಿಗಿಂತ ಮೊದಲು, ಐದು ಗಂಟೆಗೇ ಏಳುವವರು ಅವರು. ಮರೆತು ಚೆಲ್ಲುತ್ತಾರೆಂದು ತಿಳಿದು ಒಂದು ದಿನ ಸ್ವಲ್ಪ ಗಡುಸಾಗಿಯೇ ಹೇಳಿದೆ: "ಅಮ್ಮಾ, ಮೊದಲಿನ ನೀರು ಚೆಲ್ಲಬೇಡಮ್ಮ, ಹಿಡಿದಿಡು." ಅವರು ಮಾತನಾಡಲಿಲ್ಲ. ಪುಷ್ಯಮಾಸದ ಚಳಿಯಲ್ಲಿ ಕೆಮ್ಮು ಹತ್ತಿ ವೈದ್ಯರ ಬಳಿ ಹೋದಾಗ ನಿಜ ಹೊರಬಿತ್ತು. "ಅಷ್ಟು ಒಳ್ಳೆ ನೀರನ್ನ ನೆಲ ಒರೆಸೋಕೆ ಬಿಡೋದಕ್ಕೆ ಮನಸ್ಸು ಬರೋಲ್ಲಪ್ಪ. ಅದರಲ್ಲೇ ಸ್ನಾನ ಮುಗಿಸಿಬಿಡ್ತೀನಿ" ಎಂದರು. ಚೆಲ್ಲುತ್ತಾರೆಂದು ನಾನು ಆಕ್ಷೇಪಿಸಿದ ನೀರನ್ನು ಅವರು ತಮ್ಮ ಮೈಮೇಲೆ ಹುಯ್ದುಕೊಳ್ಳುತ್ತಿದ್ದರು.

ಆ ಹೊತ್ತು ನನಗೆ ನನ್ನ ಲೆಕ್ಕಗಳೆಲ್ಲ ಅಪೂರ್ಣವಾಗಿ ಕಂಡವು. ಲೀಟರು, ಮೀಟರು, ಡಿಗ್ರಿ ಎಲ್ಲವೂ ಇದ್ದವು. ಯಾರ ಪಾಲಿಗೆ ಎಷ್ಟು ಎಂಬ ಕಾಲಂ ಇರಲಿಲ್ಲ. ಮಿತವ್ಯಯವು ದೊಡ್ಡ ಗುಣ, ನಿಜ. ಆದರೆ ಮನೆಯಲ್ಲಾಗಲಿ ನಾಡಿನಲ್ಲಾಗಲಿ ಅದನ್ನು ನಿಯಮವಾಗಿ ಹೊರಡಿಸಿದರೆ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಹೆಚ್ಚು ವಿಧೇಯರಾದವರ ಮೇಲೆ, ಮಾತಾಡದವರ ಮೇಲೆ ಬೀಳುತ್ತದೆ. ನಿಯಮದ ಪುಣ್ಯ ನನ್ನದು, ಚಳಿ ಅವರದು. ತುಂಬಿದ ಬಕೆಟ್ಟುಗಳನ್ನು ಅಂಗಳಕ್ಕೆ ಎತ್ತಿಕೊಂಡು ಹೋಗುತ್ತಿದ್ದುದೂ ನಾನಲ್ಲ, ನನ್ನ ಹೆಂಡತಿ ಎಂಬುದು ಆಮೇಲೆ ನೆನಪಾಯಿತು.

ಹಿಂದಿನ ಕಾಲವೇ ಚೆನ್ನಾಗಿತ್ತು, ಹಂಡೆಯ ಪಕ್ಕದಲ್ಲೇ ಸ್ನಾನ, ಹನಿ ನೀರೂ ಕೆಡುತ್ತಿರಲಿಲ್ಲ ಎಂದು ಕೆಲವರು ಹೇಳಿಯಾರು. ಹೌದು, ಬೆಂಕಿಗೂ ಚೊಂಬಿಗೂ ಆಗ ಒಂದು ಮೊಳದ ಅಂತರ. ಆದರೆ ಬಾವಿಯಿಂದ ನೀರು ಸೇದಿದವರು, ಹಸಿ ಸೌದೆಯ ಹೊಗೆಗೆ ಕಣ್ಣು ಕೆಂಪಗೆ ಮಾಡಿಕೊಂಡವರು ಯಾರು? ಈ ತಾಯಂದಿರೇ. ಹಳೆಯ ಸರಳತೆಯಲ್ಲಿ ಇನ್ನೊಬ್ಬರ ದುಡಿಮೆ ಎಷ್ಟೋ ಸಲ ಅಡಗಿ ಕುಳಿತಿತ್ತು.

ಮರುದಿನದಿಂದ ನಾನೇ ಐದಕ್ಕೆ ಎದ್ದು ನೀರು ಬಿಸಿಯಾಗುವವರೆಗೆ ಹಿಡಿದಿಟ್ಟು, ಅವರಿಗೆ ಬಿಸಿನೀರು ತುಂಬಿಸಿಕೊಡತೊಡಗಿದೆ. ಇಷ್ಟೇ ಸಾಕಾಗಿದ್ದರೆ ಯಂತ್ರವೇಕೆ? ನಾನೂ ಹಾಗೆಂದುಕೊಂಡೆ. ನಾಲ್ಕನೆಯ ದಿನ ಅವರೇ ಅಂದರು: "ನನ್ನಿಂದ ನಿನಗೆ ನಿದ್ದೆ ಕೆಡ್ತಿದೆ. ನಾಳೆಯಿಂದ ಏಳಬೇಡ." ಮಗನ ಸೇವೆಯೂ ಮುಪ್ಪಿಗೆ ಒಂದು ಋಣವಾಗಿ ಕಾಣುವುದೆಂದು ಆಗ ತಿಳಿಯಿತು. ಯಾರನ್ನೂ ಎಬ್ಬಿಸದೆ, ಏನನ್ನೂ ಹಾಳುಮಾಡದೆ, ಬೆಚ್ಚಗಿನ ನೀರಿನಲ್ಲಿ ಸ್ನಾನಮಾಡುವುದು ಎಂಬತ್ತು ದಾಟಿದವರಿಗೆ ಭೋಗವಲ್ಲ, ಒಂದು ಬಗೆಯ ಸ್ವಾತಂತ್ರ್ಯ.

ತಾಯಿಯ ನೆಪದಲ್ಲಿ ನನ್ನ ಸುಖಕ್ಕೇ ದಾರಿ ಮಾಡಿಕೊಳ್ಳುತ್ತಿದ್ದೇನೆಯೆ? ಈ ಶಂಕೆಯನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಅದಕ್ಕಾಗಿಯೇ ಕೆಳಗಿನ ಬಚ್ಚಲಿಗೆ ಮಾತ್ರ, ಗುಂಡಿ ಒತ್ತಿದಾಗ ಮಾತ್ರ ನಡೆಯುವ ಪಂಪನ್ನು ಹಾಕಿಸುವುದೆಂದು ನಿಶ್ಚಯಿಸಿದ್ದೇನೆ. ಮಹಡಿಯ ಬಚ್ಚಲಿನಲ್ಲಿ, ನನ್ನ ಪಾಲಿಗೆ, ಬಕೆಟ್ಟು ಇದ್ದೇ ಇರುತ್ತದೆ. ಅದನ್ನು ತುಳಸಿಯ ಬಳಿಗೆ ಹೊರುವವನೂ ಇನ್ನು ಮೇಲೆ ನಾನೇ.

ನೀರು ಕಾಯಬೇಕು, ಅದಕ್ಕಾಗಿ ನಾವು ಸ್ವಲ್ಪ ಕಾಯಲೂ ಬೇಕು. ಆದರೆ ಆ ಚಳಿಯಲ್ಲಿ ನಿಂತು ಕಾಯುತ್ತಿರುವವರು ಯಾರೆಂದು ನೋಡುವುದನ್ನು ಮರೆತರೆ, ನಾವು ಕಾಯ್ದುಕೊಂಡ ಧರ್ಮವಾದರೂ ಯಾವುದು?